ಆಟದ ಪತ್ರಿಕೆಗಳು ಹದಿಹರೆಯದವರನ್ನು ಏಕೆ ಸೆಳೆಯುತ್ತವೆ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಂಥ ಊರುಗಳ ಸೈಕಲ್ ಅಂಗಡಿ, ಕ್ಷೌರದಂಗಡಿ, ವಿದ್ಯಾರ್ಥಿನಿಲಯಗಳ ಗೋಡೆಗಳನ್ನು ನೆನಪಿಸಿಕೊಳ್ಳಿ. ಕ್ರೀಡಾಪತ್ರಿಕೆಯ ನಡುಪುಟದಿಂದ ಪಿನ್ನು ಬಿಡಿಸಿ, ಹರಿಯದಂತೆ ತೆಗೆದು ಅಂಟಿಸಿದ ಆಟಗಾರನ ಬಣ್ಣದ ಚಿತ್ರ ಅಲ್ಲಿ ಕಾಣುವುದುಂಟು. 'ದಿ ಹಿಂದೂ' ಬಳಗ 1978ರಲ್ಲಿ ಆರಂಭಿಸಿದ 'ಸ್ಪೋರ್ಟ್‌ಸ್ಟಾರ್' ಇಂಥ ಚಿತ್ರಗಳಿಗೆ ಹೆಸರಾಯಿತು. ಅದರ ಇಂಗ್ಲಿಷ್ ಪೂರ್ತಿ ತಿಳಿಯದವರೂ ಅದನ್ನು ಮತ್ತೆ ಮತ್ತೆ ತಿರುವಿಹಾಕುತ್ತಿದ್ದರು.

ಈ ಸೆಳೆತಕ್ಕೆ ಕಾರಣವೇನು? ಉತ್ತರಕ್ಕಾಗಿ ನಮಗೆ ಅಷ್ಟಾಗಿ ಪರಿಚಯವಿಲ್ಲದ ಒಂದು ಆಟವನ್ನು ನೋಡೋಣ. ಅದು ಸ್ಕೇಟ್‌ಬೋರ್ಡ್ ಆಟ. ಅದು ಊರಿಂದೂರಿಗೆ ಹರಡಿದ್ದರಲ್ಲಿ ಪತ್ರಿಕೆಗಳ ಪಾತ್ರ ದೊಡ್ಡದು.

ಒಂದು ಹಲಗೆ, ನಾಲ್ಕು ಗಾಲಿ

ಸ್ಕೇಟ್‌ಬೋರ್ಡ್ ಎಂದರೆ ಸುಮಾರು 80 ಸೆಂ.ಮೀ. ಉದ್ದದ ಹಲಗೆ, ಅದರ ಕೆಳಗೆ ನಾಲ್ಕು ಪುಟ್ಟ ಗಾಲಿಗಳು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಮುದ್ರದ ಅಲೆಗಳ ಮೇಲೆ ಜಾರುತ್ತಿದ್ದ ಯುವಕರು ಅಲೆ ಇಲ್ಲದ ದಿನಗಳಲ್ಲಿ ಇದನ್ನು ಹತ್ತಿ ರಸ್ತೆಗಿಳಿದರು. 1964ರಲ್ಲಿ ಈ ಆಟಕ್ಕೆಂದೇ 'ಸ್ಕೇಟ್‌ಬೋರ್ಡರ್' ಎಂಬ ಪತ್ರಿಕೆ ಹೊರಟಿತು. ನಾಲ್ಕು ಸಂಚಿಕೆಗಳ ನಂತರ ಅದು ನಿಂತುಹೋಯಿತು. ಆಗಿನ ಜೇಡಿಮಣ್ಣಿನ ಗಾಲಿಗಳು ರಸ್ತೆಯನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ. ಸಣ್ಣ ಕಲ್ಲು ಅಡ್ಡ ಬಂದರೂ ಸವಾರ ಮುಗ್ಗರಿಸುತ್ತಿದ್ದ. 1970ರ ದಶಕದ ಆರಂಭದಲ್ಲಿ ಯುರಿಥೇನ್ ಎಂಬ ವಸ್ತುವಿನ ಗಾಲಿ ಬಂತು. ಅದು ನೆಲವನ್ನು ಹಿಡಿದು ಮೆತ್ತಗೆ ಉರುಳಿತು. ಆಟಕ್ಕೆ ಮರುಜೀವ ಬಂತು. 1975ರಲ್ಲಿ ಪತ್ರಿಕೆಯೂ ಮತ್ತೆ ಆರಂಭವಾಯಿತು. 1981ರಲ್ಲಿ 'ಥ್ರ್ಯಾಷರ್', 1983ರಲ್ಲಿ 'ಟ್ರಾನ್ಸ್‌ವರ್ಲ್ಡ್ ಸ್ಕೇಟ್‌ಬೋರ್ಡಿಂಗ್' ಹೊರಬಂದವು.

ಚಿತ್ರವೇ ಗುರು

ಸೆಳೆತದ ಮೊದಲ ಕಾರಣ ಚಿತ್ರ. ಸ್ಕೇಟ್‌ಬೋರ್ಡ್‌ನಲ್ಲಿ 'ಆಲಿ' ಎಂಬ ಜಿಗಿತವಿದೆ. ಆಟಗಾರ ಕೈಯಿಂದ ಮುಟ್ಟದೆಯೇ ಹಲಗೆಯೊಡನೆ ಗಾಳಿಗೇರುತ್ತಾನೆ. ನೋಡಿದವರಿಗೆ ಹಲಗೆ ಕಾಲಿಗೆ ಅಂಟಿಕೊಂಡಿದೆಯೇನೋ ಎನಿಸುತ್ತದೆ. ಇದರ ಹಿಂದಿರುವುದು ವಿಜ್ಞಾನ ಪಾಠದ ಸನ್ನೆಯ ತತ್ತ್ವ. ಹಿಂದಿನ ಕಾಲಿನಿಂದ ಹಲಗೆಯ ತುದಿಯನ್ನು ಬಲವಾಗಿ ಒತ್ತಿದಾಗ ಹಿಂಬದಿಯ ಗಾಲಿಗಳೇ ಆಧಾರಬಿಂದುವಾಗಿ ಮುಂಭಾಗ ಮೇಲೇಳುತ್ತದೆ. ತುದಿ ನೆಲಕ್ಕೆ ಬಡಿದು ಪುಟಿಯುತ್ತದೆ. ಅದೇ ಗಳಿಗೆಗೆ ಆಟಗಾರ ಜಿಗಿದು, ಮುಂದಿನ ಕಾಲನ್ನು ಹಲಗೆಯ ಮೇಲೆ ಮುಂದಕ್ಕೆ ಸರಿಸಿ ಅದನ್ನು ಸಮತಲಕ್ಕೆ ತರುತ್ತಾನೆ.

ಇದೆಲ್ಲ ನಡೆಯುವುದು ಕಣ್ಣುಮಿಟುಕಿಸುವಷ್ಟರಲ್ಲಿ. ದೂರದರ್ಶನದಲ್ಲಿ ನಾವು ಸೆಕೆಂಡಿಗೆ 25 ಚಿತ್ರಗಳನ್ನು ತೋರಿಸುತ್ತೇವೆ. ನೋಡುವವರಿಗೆ ಸಿಗುವುದು ಒಂದು ಹಾರಾಟ. ಅದರ ಒಳಗುಟ್ಟು ಜಾರಿಹೋಗುತ್ತದೆ. ಪತ್ರಿಕೆಗಳು ವೇಗದ ಕ್ಯಾಮೆರಾದಿಂದ ಒಂದೇ ಜಿಗಿತದ ಹಲವು ಹಂತಗಳನ್ನು ತೆಗೆದು ಸಾಲಾಗಿ ಅಚ್ಚು ಹಾಕಿದವು. ಮೊಬೈಲ್‌ನಲ್ಲಿ ದೃಶ್ಯವನ್ನು ನಿಲ್ಲಿಸಿ ನೋಡುವ ಸೌಲಭ್ಯವಿಲ್ಲದ ಆ ಕಾಲದಲ್ಲಿ, ತರಬೇತುದಾರರೇ ಇಲ್ಲದ ಊರಿನ ಹುಡುಗನಿಗೆ ಆ ಪುಟವೇ ಗುರುವಾಯಿತು. ಪುಟವನ್ನು ಎದುರಿಗಿಟ್ಟುಕೊಂಡು, ಬಿದ್ದು, ಎದ್ದು ಕಲಿಯಬಹುದಿತ್ತು.

ನಾನು ಒಬ್ಬನೇ ಅಲ್ಲ

ಎರಡನೆಯ ಕಾರಣ ಇನ್ನೂ ಆಳವಾದದ್ದು. ಹದಿನಾಲ್ಕು, ಹದಿನೈದರ ವಯಸ್ಸಿನಲ್ಲಿ 'ನಾನು ಯಾರು, ಯಾರ ಜೊತೆಗಿನವನು' ಎಂಬ ಪ್ರಶ್ನೆ ಮನಸ್ಸನ್ನು ಕಾಡುತ್ತದೆ. ಮನೆಯವರು 'ಇದೇನು ಹುಚ್ಚಾಟ' ಎಂದು ಗದರುತ್ತಿದ್ದ ಆಟವನ್ನು ಆ ಪತ್ರಿಕೆಗಳು ಗಂಭೀರವಾಗಿ ಕಂಡವು. ಬರೆಯುವವರಲ್ಲಿ, ಚಿತ್ರ ತೆಗೆಯುವವರಲ್ಲಿ ಅನೇಕರು ಸ್ವತಃ ಆಟಗಾರರು. ಅವರ ಮಾತು ಮೇಷ್ಟರ ಮಾತಲ್ಲ, ಗೆಳೆಯನ ಮಾತು. ಓದುಗರ ಪತ್ರಗಳಿಗೂ ಅಲ್ಲಿ ಜಾಗವಿತ್ತು. ದೂರದ ಊರಿನ ಒಂಟಿ ಹುಡುಗನಿಗೆ ತನ್ನಂಥವರು ಬೇರೆಡೆಯೂ ಇದ್ದಾರೆಂಬ ಧೈರ್ಯ ಬಂತು.

ಹೀಗೆ ಹಬ್ಬಿದ ಆಟ 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ಸ್‌ಗೆ ಪ್ರವೇಶ ಪಡೆಯಿತು. ಅಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ಆಗ 13 ವರ್ಷ. ನಮ್ಮ ಬೆಂಗಳೂರಿನಲ್ಲಿಯೂ 'ಹೋಲಿ ಸ್ಟೋಕ್ಡ್' ಎಂಬ ಯುವಕರ ಬಳಗ 2013ರಲ್ಲಿ ವಿದೇಶಿ ಸ್ವಯಂಸೇವಕರೊಡನೆ ಸೇರಿ ಈ ಆಟಕ್ಕೆಂದೇ ಒಂದು ಅಂಗಳವನ್ನು ಕಟ್ಟಿತು.

ಎಚ್ಚರವೂ ಬೇಕು

ಸೆಳೆತವಿದ್ದಲ್ಲಿ ವ್ಯಾಪಾರವೂ ಇರುತ್ತದೆ. 'ಥ್ರ್ಯಾಷರ್' ಆರಂಭಿಸಿದವರು ಹಲಗೆಗೂ ಗಾಲಿಗೂ ನಡುವೆ ಜೋಡಿಸುವ ಲೋಹದ ಭಾಗವನ್ನು ತಯಾರಿಸುವ ಕಂಪನಿಯವರೂ ಆಗಿದ್ದರು. ಆಟ ಬೆಳೆದರೆ ಅವರ ಸರಕೂ ಮಾರಾಟವಾಗುತ್ತಿತ್ತು. ಇದು ತಪ್ಪೆಂದಲ್ಲ. ಆದರೆ ಯಾವ ಪುಟ ಕಲಿಸುತ್ತದೆ, ಯಾವುದು ಮಾರುತ್ತದೆ ಎಂಬುದನ್ನು ಓದುಗ ಗುರುತಿಸಬೇಕು. ಇನ್ನೊಂದು ಮಾತು: ಅಂದವಾದ ಜಿಗಿತದ ಚಿತ್ರದಲ್ಲಿ ಅದಕ್ಕೆ ಮೊದಲು ಬಿದ್ದ ಪೆಟ್ಟುಗಳು ಕಾಣುವುದಿಲ್ಲ. ತಲೆಗೆ ಹೆಲ್ಮೆಟ್ ಇಲ್ಲದೆ ಅದನ್ನು ಅನುಕರಿಸುವುದು ಜಾಣತನವಲ್ಲ.

ಯಾರನ್ನು ಬಿಡಲಾಗಿದೆ ಎಂಬುದನ್ನೂ ನೋಡಬೇಕು. 'ಥ್ರ್ಯಾಷರ್' ಮುಖಪುಟದಲ್ಲಿ ಮೊದಲ ಬಾರಿಗೆ ಒಬ್ಬ ಆಟಗಾರ್ತಿ, ಕಾರಾ-ಬೆತ್ ಬರ್ನ್‌ಸೈಡ್, ಕಾಣಿಸಿಕೊಂಡದ್ದು 1989ರಲ್ಲಿ. ಪತ್ರಿಕೆ ಆರಂಭವಾಗಿ ಎಂಟು ವರ್ಷಗಳ ಮೇಲೆ. ಅಷ್ಟು ವರ್ಷ ಮುಖಪುಟವನ್ನು ನೋಡಿದ ಹುಡುಗಿಗೆ ತನ್ನಂಥವರು ಅಲ್ಲಿ ಕಾಣಲಿಲ್ಲ.

ನಮ್ಮ ಪುಟ ಎಲ್ಲಿ?

ಈ ಪ್ರಶ್ನೆ ನಮ್ಮನ್ನು ಮತ್ತೆ ಜಮಖಂಡಿ-ಮುಧೋಳದ ಕಡೆಗೆ ತರುತ್ತದೆ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಸೈಕ್ಲಿಂಗ್‌ಗೆ ಹೆಸರಾದವು. ಇಲ್ಲಿನ ಹುಡುಗರೂ ಹುಡುಗಿಯರೂ ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಗರಡಿಮನೆಗಳಿವೆ. ಜಾತ್ರೆಗಳಲ್ಲಿ ಕುಸ್ತಿ, ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆ, ತೆರಬಂಡಿ ಸ್ಪರ್ಧೆಗಳು ನಡೆಯುತ್ತವೆ. ಗೋಡೆಯ ಮೇಲಿನ ಚಿತ್ರ ಮಾತ್ರ ಹೆಚ್ಚಾಗಿ ದೂರದ ಕ್ರಿಕೆಟ್ ತಾರೆಯದು. ಬನಹಟ್ಟಿಯಲ್ಲಿ ಕಂಡಿಕೆ ಸುತ್ತಿ ಮನೆಯವರಿಗೆ ನೆರವಾಗಿ, ನಸುಕಿನಲ್ಲಿ ಸೈಕಲ್ ತುಳಿಯಲು ಹೊರಡುವ ಹುಡುಗಿ ತನ್ನಂಥವಳ ಚಿತ್ರವನ್ನು ಯಾವ ಪುಟದಲ್ಲಿ ನೋಡಬೇಕು?

ಸ್ಕೇಟ್‌ಬೋರ್ಡ್ ಹುಡುಗರು ದೊಡ್ಡ ಪತ್ರಿಕೆಗಳು ತಮ್ಮ ಕಡೆ ತಿರುಗಲೆಂದು ಕಾಯಲಿಲ್ಲ. ಕೆಲವರು ತಮ್ಮದೇ ಪುಟಗಳನ್ನು ಬರೆದು, ಜೆರಾಕ್ಸ್ ಮಾಡಿ ಹಂಚಿದರು. ನಮ್ಮಲ್ಲೂ ಕೈಬರಹದ ಪತ್ರಿಕೆ, ಭಿತ್ತಿಪತ್ರಿಕೆಗಳ ಪರಂಪರೆ ಇದೆ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಶಾಲೆ ಅಥವಾ ಕಾಲೇಜಿನ ಫಲಕದಲ್ಲಿ ತಿಂಗಳಿಗೊಂದು ಆಟದ ಪುಟ ಹಚ್ಚಿ ನೋಡಿ. ಸೈಕಲ್ ಸವಾರ ತಿರುವಿನಲ್ಲಿ ಒಳಬದಿಗೆ ಏಕೆ ವಾಲುತ್ತಾನೆ, ಪೈಲ್ವಾನ ಎದುರಾಳಿಯ ತೂಕವನ್ನೇ ಬಳಸಿ ಅವನನ್ನು ಹೇಗೆ ಕೆಡವುತ್ತಾನೆ ಎಂಬುದನ್ನು ನಾಲ್ಕೈದು ಚಿತ್ರಗಳ ಸಾಲಿನಲ್ಲಿ ವಿವರಿಸಿ. ಅದಕ್ಕೆ ಮನೆಯ ಮೊಬೈಲ್ ಕ್ಯಾಮೆರಾ ಸಾಕು. ಆಟಗಾರರನ್ನು ಅವರ ಆಡುಮಾತಿನಲ್ಲೇ ಮಾತಾಡಿಸಿ ಬರೆಯಿರಿ.

'ಟ್ರಾನ್ಸ್‌ವರ್ಲ್ಡ್' 2019ರಲ್ಲಿ ಅಚ್ಚಾಗುವುದು ನಿಂತಿತು. ಕಾಗದದ ಪತ್ರಿಕೆಗಳ ಕಾಲ ಬದಲಾಗುತ್ತಿದೆ. ಆದರೆ ತನ್ನಂಥವರನ್ನು ಪುಟದಲ್ಲಿ ಕಾಣುವ ಹಂಬಲ ಹದಿಹರೆಯದವರಲ್ಲಿ ಹಾಗೆಯೇ ಇದೆ. ಮುಂದಿನ ಜಾತ್ರೆಯ ಕುಸ್ತಿಗೆ ಹೋಗುವಾಗ ಒಂದು ನೋಟ್‌ಪುಸ್ತಕ ಜೊತೆಗಿರಲಿ.