ಹಾಡಿಗೆ ಮೊದಲು ಹದಿನೈದು ನಿಮಿಷ

‘ಯಾವಾಗ ನೋಡಿದರೂ ಅದೇ ಟೊಯ್ ಟೊಯ್. ಮೂರು ತಿಂಗಳಾಯ್ತಲ್ಲೋ, ಒಂದು ಹಾಡಾದರೂ ಬಾರಿಸೋಕೆ ಬಂತೇನೋ?’

ಮಕ್ಕಳು ಗಿಟಾರ್ ಕಲಿಯುತ್ತಿರುವ ಮನೆಗಳಲ್ಲಿ ಈ ಮಾತು ಹೊಸದೇನಲ್ಲ. ಅಪ್ಪನ ಮಾತಿಗೆ ಹೆದರಿಯೋ, ಗೆಳೆಯರೆದುರು ಮೆರೆಯುವ ಆಸೆಗೋ ಹುಡುಗ ಬೆರಳು ಪಳಗುವ ಮೊದಲೇ ಸಿನಿಮಾ ಹಾಡಿಗೆ ಕೈಹಾಕುತ್ತಾನೆ. ಯೂಟ್ಯೂಬಿನಲ್ಲಿ ಕಂಡ ವೇಗಕ್ಕೆ ಬೆರಳು ಓಡುವುದಿಲ್ಲ. ಓಡಿಸಲು ಹೋದರೆ ಮಣಿಕಟ್ಟು ನೋಯುತ್ತದೆ. ನೋವಿಗೆ ಬೇಸರ ಜೊತೆಯಾಗಿ, ಹುಟ್ಟುಹಬ್ಬಕ್ಕೆಂದು ಆಸೆಪಟ್ಟು ತಂದ ಗಿಟಾರ್ ಬೀರುವಿನ ಮೇಲೆ ಧೂಳು ತಿನ್ನುತ್ತಾ ಮಲಗುತ್ತದೆ.

ತಪ್ಪು ಹುಡುಗನದಲ್ಲ, ಗಿಟಾರಿನದೂ ಅಲ್ಲ. ಹಾಡಿಗೆ ಮೊದಲು ಕೈಗೆ ಸಲ್ಲಬೇಕಾದ ಹದಿನೈದು ನಿಮಿಷ ಸಂದಿಲ್ಲ, ಅಷ್ಟೇ.

ಗರಡಿಯ ಪಾಠ

ಗರಡಿಗೆ ಬಂದ ಪೈಲ್ವಾನ ನೇರವಾಗಿ ಅಖಾಡಕ್ಕೆ ಇಳಿಯುವುದಿಲ್ಲ. ಬಸ್ಕಿ ಹೊಡೆದು, ಸಾಮು ಮಾಡಿ, ಮೈ ಬಿಸಿಯಾದ ಮೇಲೆಯೇ ಪಟ್ಟು. ವಾದ್ಯಗಾರನ ಬೆರಳಿಗೂ ಇದೇ ನಿಯಮ. ಬೆರಳುಗಳನ್ನು ಆಡಿಸುವ ಸ್ನಾಯುಗಳಲ್ಲಿ ಬಹುಪಾಲು ಇರುವುದು ಮುಂಗೈಯಲ್ಲಿ. ಅಲ್ಲಿಂದ ಬರುವ ಸ್ನಾಯುರಜ್ಜುಗಳು ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಹಾದು ಬೆರಳನ್ನು ಎಳೆಯುತ್ತವೆ. ಮಣಿಕಟ್ಟನ್ನು ಬಹಳ ಬಗ್ಗಿಸಿ, ತಂತಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಬಲದಿಂದ ಒತ್ತಿ, ಒಮ್ಮೆಲೇ ವೇಗಕ್ಕೆ ಹೋದರೆ ಅವು ಮುನಿಯುತ್ತವೆ.

ಇದರ ದೊಡ್ಡ ಎಚ್ಚರಿಕೆ ಪಶ್ಚಿಮದ ಸಂಗೀತ ಚರಿತ್ರೆಯಲ್ಲೇ ಇದೆ. ಜರ್ಮನಿಯ ರಾಬರ್ಟ್ ಶೂಮನ್ (1810–1856) ಪಿಯಾನೊ ವಾದಕನಾಗಬೇಕೆಂದು ಹೊರಟವನು. ಇಪ್ಪತ್ತರ ಆಸುಪಾಸಿನಲ್ಲೇ ಅವನ ಬಲಗೈ ಬೆರಳು ಹತೋಟಿ ತಪ್ಪಿತು. ಕಾರಣದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಬೆರಳಿಗೆ ಬಲ ಬರಲೆಂದು ಅವನು ಒಂದು ಸಾಧನವನ್ನು ಬಳಸಿದ್ದನೆಂಬುದಂತೂ ದಾಖಲಾಗಿದೆ. ವಾದಕನ ಕನಸು ಅಲ್ಲಿಗೆ ಮುಗಿಯಿತು. ಶೂಮನ್ ಮಹಾನ್ ಸಂಗೀತ ರಚನಕಾರನಾದ, ನಿಜ. ಆದರೆ ಕೈ ಕೆಟ್ಟವರೆಲ್ಲರಿಗೂ ಆ ಭಾಗ್ಯವಿಲ್ಲ.

ಬಸ್ಸಿನಲ್ಲೇ ಆರಂಭ

ಹೊಸಕೋಟೆಯಿಂದ ಬೆಂಗಳೂರಿಗೆ ಸುಮಾರು 25 ಕಿಲೋಮೀಟರ್. ಭಾನುವಾರದ ತರಗತಿಗೆ ಗಿಟಾರ್ ಚೀಲ ಹೆಗಲಿಗೇರಿಸಿ ಹಳೆ ಮದ್ರಾಸು ರಸ್ತೆಯಲ್ಲಿ ಕೆ.ಆರ್. ಪುರದ ಕಡೆಗೆ ಬಸ್ಸು ಹಿಡಿಯುವ ವಿದ್ಯಾರ್ಥಿಯ ಕೈ, ಕಂಬಿ ಹಿಡಿದು ನಿಂತು ನಿಂತು ಮರಗಟ್ಟಿರುತ್ತದೆ. ಧನುರ್ಮಾಸವಾದರೆ ಕೆರೆಯ ಮೇಲಿಂದ ಬರುವ ಕುಳಿರ್ಗಾಳಿ ಬೇರೆ.

ಸೀಟು ಸಿಕ್ಕರೆ ಕೆಲಸ ಅಲ್ಲಿಂದಲೇ ಶುರುವಾಗಬಹುದು. ಮುಷ್ಟಿಯನ್ನು ಮೆಲ್ಲಗೆ ಮುಚ್ಚಿ ತೆರೆಯುವುದು, ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳುಗಳ ತುದಿಯನ್ನು ಒಂದೊಂದಾಗಿ ಮುಟ್ಟುವುದು, ತೊಡೆಯ ಮೇಲೆ ಆದಿತಾಳ ಹಾಕುತ್ತಾ ಮನಸ್ಸಿನಲ್ಲೇ ಸ್ವರ ಹೇಳಿಕೊಳ್ಳುವುದು. ಮನೆಯಲ್ಲಾದರೆ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ನಿಮಿಷ ಕೈ ಅದ್ದಿ ಒರೆಸಿಕೊಂಡರೂ ಸಾಕು. ಇದಕ್ಕೆ, ಶ್ರುತಿ ಮಾಡಿಕೊಳ್ಳುವುದಕ್ಕೆ ಸೇರಿ ಮೂರು ನಿಮಿಷ.

ಮೊದಲು ಬಲಗೈ

ಮುಂದಿನ ನಾಲ್ಕು ನಿಮಿಷ ಬಲಗೈಗೆ ಮೀಸಲು. ಎಡಗೈ ಏನನ್ನೂ ಒತ್ತುವುದು ಬೇಡ. ಹೆಬ್ಬೆರಳು ದಪ್ಪ ತಂತಿಗೆ. ತೋರುಬೆರಳು, ನಡುಬೆರಳು, ಉಂಗುರಬೆರಳು ಕ್ರಮವಾಗಿ ಮೂರನೆಯ, ಎರಡನೆಯ, ಮೊದಲನೆಯ ತಂತಿಗೆ. ನಾಲ್ಕೂ ನಾದಗಳು ಒಂದೇ ತೂಕದಲ್ಲಿ ಕೇಳುವವರೆಗೆ ನಿಧಾನವಾಗಿ ಮೀಟಬೇಕು.

ಬಲಗೈ ಸಾಧನೆಯಲ್ಲಿ ಜಗತ್ತಿನ ಗಿಟಾರ್ ವಿದ್ಯಾರ್ಥಿಗಳಿಗೆಲ್ಲ ಇಟಲಿಯ ಮೌರೊ ಜೂಲಿಯಾನಿ ಹಿರಿಯಣ್ಣನಿದ್ದಂತೆ. 1812ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಬಲಗೈಗೆಂದೇ 120 ಪಾಠಗಳಿವೆ. ಎಡಗೈಗೆ ಇರುವುದು ಸಿ ಮೇಜರ್, ಜಿ ಸೆವೆಂತ್ ಎಂಬ ಎರಡೇ ಕಾರ್ಡ್. ಎಡಗೈ ಹಾಯಾಗಿರುತ್ತದೆ, ಬಲಗೈ ಪಳಗುತ್ತದೆ. ದಿನಕ್ಕೆ ಎರಡು ಪಾಠ ಹಿಡಿದರೆ ಎರಡೇ ತಿಂಗಳಲ್ಲಿ ಪುಸ್ತಕವನ್ನು ಒಂದು ಸುತ್ತು ಹಾಕಿ ಬರಬಹುದು.

ಸರಳೆ ವರಸೆ ಗಿಟಾರಿನ ಮೇಲೆ

ಆಮೇಲೆ ಎಡಗೈ. ಇದಕ್ಕೆ ಪಶ್ಚಿಮದ ಪುಸ್ತಕವನ್ನೇ ಹುಡುಕಬೇಕಿಲ್ಲ. ಅಕ್ಕನೋ ತಂಗಿಯೋ ಸಂಗೀತ ಪಾಠಕ್ಕೆ ಹೋಗುವ ಮನೆಯಲ್ಲಿ ಅದು ಪ್ರತಿ ಬೆಳಿಗ್ಗೆ ಕಿವಿಗೆ ಬೀಳುತ್ತಿರುತ್ತದೆ. ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳ ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂಬುದು ಸಂಪ್ರದಾಯದ ನಂಬಿಕೆ. ಮಾಯಾಮಾಳವಗೌಳ ರಾಗದಲ್ಲಿ ಆರಂಭಿಸುವ ಪದ್ಧತಿಯೂ ಅವರದೇ ಎನ್ನುತ್ತಾರೆ.

ಈ ರಾಗ ಗಿಟಾರಿನ ಮೇಲೆ ಕೂರುವ ಚೆಂದ ನೋಡಿ. ಐದನೆಯ ತಂತಿಯನ್ನು ಒತ್ತದೆ ಮೀಟಿದರೆ ‘ಸ’. ಅದೇ ತಂತಿಯ 1, 4, 5ನೆಯ ಮೆಟ್ಟಿಲುಗಳಲ್ಲಿ ‘ರಿ, ಗ, ಮ’. ಈಗ ನಾಲ್ಕನೆಯ ತಂತಿಗೆ ಬಂದರೆ 2, 3, 6, 7ನೆಯ ಮೆಟ್ಟಿಲುಗಳಲ್ಲಿ ‘ಪ, ದ, ನಿ’ ಮತ್ತು ಮೇಲಿನ ‘ಸ’. ಪೂರ್ವಾಂಗದಲ್ಲಿ ಸ್ವರಗಳ ನಡುವೆ ಎಷ್ಟೆಷ್ಟು ಅಂತರವೋ ಉತ್ತರಾಂಗದಲ್ಲೂ ಅಷ್ಟಷ್ಟೇ. ನಕ್ಷೆ ಎರಡು ಮೆಟ್ಟಿಲು ಮುಂದೆ ಸರಿದಿದೆ, ಅಷ್ಟೇ. ‘ರಿ’ಯಿಂದ ‘ಗ’ಕ್ಕೆ ಮೂರು ಮೆಟ್ಟಿಲುಗಳ ಹಾರಿಕೆ. ತೋರುಬೆರಳಿನಿಂದ ಕಿರುಬೆರಳಿನವರೆಗೆ ಕೈ ಹದವಾಗಿ ಅಗಲುತ್ತದೆ. ಎಲ್ಲರೂ ಮರೆಯುವ ಕಿರುಬೆರಳಿಗೂ ಕೆಲಸ ಸಿಗುತ್ತದೆ.

ಗಡಿಯಾರದ ಸೆಕೆಂಡಿಗೊಂದು ತಾಳದೆಣಿಕೆ ಇಟ್ಟುಕೊಂಡರೆ ಮೊದಲ ಸರಳೆಯ ಆರೋಹಣ, ಅವರೋಹಣಗಳಿಗೆ ಒಂದನೆಯ ಕಾಲದಲ್ಲಿ 16 ಸೆಕೆಂಡು, ಎರಡನೆಯದರಲ್ಲಿ 8, ಮೂರನೆಯದರಲ್ಲಿ 4. ಮೂರೂ ಕಾಲ ಸೇರಿ ಅರ್ಧ ನಿಮಿಷವೂ ಆಗದು. ಮೂರನೆಯ ಕಾಲದಲ್ಲಿ ಒಂದು ಸ್ವರ ಮಸುಕಾದರೂ ಹಿಂದಿನ ಕಾಲಕ್ಕೆ ಮರಳಬೇಕು, ಹಟ ಬೇಡ. ಪ್ರತಿ ಸ್ವರವನ್ನೂ ಎರಡೆರಡು ಸಲ ನುಡಿಸುವ ಜಂಟಿ ವರಸೆಯಲ್ಲಿ ಬಲಗೈಯ ತೋರುಬೆರಳು, ನಡುಬೆರಳು ಸರದಿಯಂತೆ ನಡೆಯುವುದನ್ನು ಕಲಿಯುತ್ತವೆ. ಅಕ್ಕ ಹಾಡುತ್ತಾ ಕೂತರೆ ತಮ್ಮ ಜೊತೆಗೂಡಬಹುದು. ಶ್ರುತಿ ಹೊಂದದಿದ್ದರೆ ಕ್ಯಾಪೊ ಇದೆಯಲ್ಲ.

ಇಷ್ಟಕ್ಕೆ ಐದು ನಿಮಿಷ. ಕೈ ಚಿಕ್ಕದಿರುವ ಮಕ್ಕಳಿಗೆ ಕೆಳಗಿನ ಮೆಟ್ಟಿಲುಗಳ ಅಂತರ ದೊಡ್ಡದೆನಿಸಬಹುದು. ಅಂಥವರು ಐದನೆಯ ಮೆಟ್ಟಿಲಿನಿಂದ ಮೇಲಕ್ಕೆ ಒಂದು, ಎರಡು, ಮೂರು, ನಾಲ್ಕು ಎಂದು ಬೆರಳುಗಳನ್ನು ಸಾಲಾಗಿ ಇಡುತ್ತಾ ಹೋಗಲಿ. ಅಲ್ಲಿ ಮೆಟ್ಟಿಲುಗಳು ಹತ್ತಿರ ಹತ್ತಿರ ಇರುತ್ತವೆ.

ಸ್ಪೇನಿನ ಆಂದ್ರೆಸ್ ಸೆಗೋವಿಯಾ (1893–1987) ಗಿಟಾರನ್ನು ಜಗತ್ತಿನ ದೊಡ್ಡ ಸಭಾಂಗಣಗಳಿಗೆ ಕೊಂಡೊಯ್ದವರಲ್ಲಿ ಅಗ್ರಗಣ್ಯ. ಮಿಕ್ಕೆಲ್ಲ ಅಭ್ಯಾಸಗಳಿಗಿಂತ ಕಡಿಮೆ ಹೊತ್ತಿನಲ್ಲಿ ಹೆಚ್ಚು ತೊಡಕು ಬಿಡಿಸುವುದು ಸ್ವರಶ್ರೇಣಿಯ ಸಾಧನೆಯೇ ಎಂಬುದು ಅವರ ಮತ. ಬೆಂಗಳೂರಿನಲ್ಲೂ ಅನೇಕರು ಬರೆಯುವ ಲಂಡನ್ನಿನ ಟ್ರಿನಿಟಿ ಕಾಲೇಜಿನ ಶಾಸ್ತ್ರೀಯ ಗಿಟಾರ್ ಪರೀಕ್ಷೆಗಳಲ್ಲೂ ಸ್ವರಶ್ರೇಣಿಗೆ ಸ್ಥಾನವಿದೆ. ದಾಸರ ಪಾಠವೂ ಸೆಗೋವಿಯಾ ಪಾಠವೂ ಬೇರೆಯಲ್ಲ.

ಕೊನೆಗೊಂದು ಮುದ್ದಿನ ತುಣುಕು

ಉಳಿದ ಮೂರು ನಿಮಿಷ ಸಂತೋಷಕ್ಕೆ. ಚೆನ್ನಾಗಿ ಬರುವ, ಮನಸ್ಸಿಗೆ ಹಿಡಿಸಿದ ಒಂದು ಚಿಕ್ಕ ಕೃತಿ ಇಲ್ಲಿರಬೇಕು. ಸ್ವಲ್ಪ ಮುಂದುವರಿದವರಿಗೆ ಫ್ರಾನ್ಸಿಸ್ಕೊ ತಾರೆಗಾ (1852–1909) ರಚಿಸಿದ ‘ಲಾಗ್ರಿಮಾ’ ಇದೆ. ಕಣ್ಣೀರ ಹನಿ ಎಂದು ಅದರ ಅರ್ಥ. ಒಂದೇ ಪುಟದ ಈ ಕೃತಿ ಅವಸರವನ್ನು ಸಹಿಸುವುದಿಲ್ಲ. ಕರ್ತೃ ಯಾರೆಂಬ ಚರ್ಚೆ ಇನ್ನೂ ಮುಗಿಯದ ‘ರೊಮಾನ್ಸ್’ ಇನ್ನೊಂದು. 1952ರ ಫ್ರೆಂಚ್ ಚಿತ್ರವೊಂದರಲ್ಲಿ ನಾರ್ಸಿಸೊ ಯೆಪೆಸ್ ನುಡಿಸಿದ ಮೇಲೆ ಅದು ಮನೆಮಾತಾಯಿತು. ಅದರಲ್ಲಿ ರಾಗ ಹಾಡುವುದು ಉಂಗುರಬೆರಳು. ಮೀಟಿದ ಬಲಗೈ ಪಾಠಕ್ಕೆಲ್ಲ ಅದು ಬಹುಮಾನ. ಹೊಸಬರಿಗೆ ನಾಲ್ಕು ಸಾಲಿನ ಶಿಶುಗೀತೆಯಾದರೂ ಸರಿ.

ನೋವು ಮಾತಾಡಿದರೆ

ಮೊದಲ ವಾರಗಳಲ್ಲಿ ಎಡಗೈ ಬೆರಳ ತುದಿ ಉರಿಯುವುದು ಸಹಜ. ಚರ್ಮ ಗಟ್ಟಿಯಾದಂತೆ ಅದು ಹೋಗುತ್ತದೆ. ಮಣಿಕಟ್ಟು, ಮುಂಗೈ ಅಥವಾ ಹೆಬ್ಬೆರಳಿನ ಬುಡದಲ್ಲಿ ನೋವು, ಜುಮುಗುಟ್ಟುವಿಕೆ, ಮರಗಟ್ಟುವಿಕೆ ಸಹಜವಲ್ಲ. ಆಗ ಗಿಟಾರ್ ಕೆಳಗಿಡಬೇಕು. ಮರುದಿನವೂ ಇದ್ದರೆ ಗುರುಗಳಿಗೆ ಹೇಳಬೇಕು, ಬಿಡದಿದ್ದರೆ ವೈದ್ಯರಿಗೆ ತೋರಿಸಬೇಕು. ಹಲವು ಸಲ ಕಾರಣ ಮಗುವಿನ ಕೈಯಲ್ಲ, ವಾದ್ಯ. ತಂತಿಗಳು ಮೆಟ್ಟಿಲಿನಿಂದ ತೀರ ಎತ್ತರದಲ್ಲಿದ್ದರೆ ಒತ್ತುವುದು ಹಿರಿಯರಿಗೂ ಕಷ್ಟ. ಎಳೆಯ ಬೆರಳಿಗೆ ಉಕ್ಕಿನ ತಂತಿಗಿಂತ ನೈಲಾನ್ ತಂತಿ ಹಿತ.

ಪಾಲಕರಿಗೆ ಇನ್ನೊಂದು ಮಾತು. ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆ ಬಂತೆಂದರೆ ಗಿಟಾರ್ ಅಟ್ಟ ಸೇರುತ್ತದೆ. ಮೂರು ತಿಂಗಳ ನಂತರ ಇಳಿಸಿದಾಗ ಬೆರಳು ಮತ್ತೆ ಒಂದನೆಯ ಪಾಠದ ಹತ್ತಿರ. ಹಾಡು ನಿಲ್ಲಲಿ, ಈ ಹದಿನೈದು ನಿಮಿಷ ನಿಲ್ಲದಿರಲಿ. ಓದಿ ದಣಿದ ಮಗುವಿಗೆ ಇದು ವಿಶ್ರಾಂತಿಯೂ ಹೌದು. ಒಳಗಿನಿಂದ ಅದೇ ‘ಸರಿಗಮ’ ನಿಧಾನವಾಗಿ, ಒಂದೇ ಸಮನೆ ಕೇಳಿಬಂದರೆ ‘ಹಾಡು ಯಾವಾಗ?’ ಎಂದು ಕೇಳುವುದು ಬೇಡ. ಹಾಡು ದಾರಿಯಲ್ಲಿದೆ.

ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಎಂಬ ಗಾದೆ ಗಿಟಾರಿಗೆಂದೇ ಹುಟ್ಟಿದಂತಿದೆ. ಎರಡರಲ್ಲಿ ಯಾವುದು ಮನೆಗೆ ಬರಬೇಕೆಂಬುದನ್ನು ಮೊದಲ ಹದಿನೈದು ನಿಮಿಷವೇ ತೀರ್ಮಾನಿಸುತ್ತದೆ.