ಮರಳಿ ಮರಳಿ ಬರುವ ಕೆಮ್ಮು

ನಾವು ಉಪಾಧ್ಯಾಯರಾಗಿದ್ದ ಕಾಲದಲ್ಲಿ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ವರ್ಷಕ್ಕೆ ಮೂರು ನಾಲ್ಕು ಬಾರಿ ಗೈರುಹಾಜರಿಯ ಗುರುತುಗಳು ಸಾಲುಗಟ್ಟುತ್ತಿದ್ದವು. ಕಿವಿ ಸೋರುವುದು, ಜ್ವರ, ನ್ಯುಮೋನಿಯ, ಅದು ಇಳಿದ ಮೇಲೆ ಬಿಡದ ಕಫ. ಶೆಟ್ಟಿಹಳ್ಳಿಯ ನಮ್ಮ ಬೀದಿಯ ಹೆಂಗಸರು ದೃಷ್ಟಿ ತೆಗೆದರು. ವೈದ್ಯರೊಬ್ಬರು ಕ್ಷಯವೆಂದು ಬಗೆದು ಆರು ತಿಂಗಳು ಔಷಧವನ್ನಿತ್ತರು. ಎರಡು ವರ್ಷಗಳ ತರುವಾಯ ಮತ್ತೊಮ್ಮೆ ಇತ್ತರು. ಕಫದಲ್ಲಿ ಕ್ಷಯದ ಕ್ರಿಮಿಯು ಒಮ್ಮೆಯೂ ಕಾಣಲಿಲ್ಲ. ಆ ಹುಡುಗನ ಸೋದರಮಾವನೊಬ್ಬನು ಎಳವೆಯಲ್ಲಿ ಇಂಥದೇ ಜ್ವರದಿಂದ ತೀರಿಕೊಂಡಿದ್ದನು. ಅದನ್ನು ಯಾರೂ ವಿಚಾರಿಸಲಿಲ್ಲ, ನಾವೂ ವಿಚಾರಿಸಲಿಲ್ಲ.

ಕಡೆಗೆ ಬೆಂಗಳೂರಿನಲ್ಲಿ ನಡೆದ ಒಂದು ರಕ್ತಪರೀಕ್ಷೆಯಿಂದ ನಿಜವು ಹೊರಬಿತ್ತು. ರೋಗಾಣುಗಳನ್ನು ಹಿಡಿದು ನಿಲ್ಲಿಸುವ ಇಮ್ಯುನೊಗ್ಲಾಬ್ಯುಲಿನ್ ಎಂಬ ದ್ರವ್ಯವು ಅವನ ರಕ್ತದಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಾಗಿತ್ತು. ಇದು ಸಹಜವಾದ ಕೊರತೆ. 'ಸಹಜ'ವೆಂದರೆ ಆಡುಮಾತಿನಲ್ಲಿ ಚಿಂತೆಗೆ ಕಾರಣವಿಲ್ಲದ್ದು ಎಂದರ್ಥವಾಗಿಬಿಟ್ಟಿದೆ. ಸಂಸ್ಕೃತದಲ್ಲಿ ಅದು ಹುಟ್ಟಿನೊಡನೆಯೇ ಬಂದದ್ದು. ಇಲ್ಲಿ ಆ ಎರಡನೆಯ ಅರ್ಥವನ್ನೇ ಹಿಡಿಯಬೇಕು.

ಈ ಕೊರತೆಯನ್ನು ಮೊದಲು ಗುರುತಿಸಿದವನು ಅಮೆರಿಕದ ಸೇನಾವೈದ್ಯ ಆಗ್ಡನ್ ಬ್ರೂಟನ್, 1952ರಲ್ಲಿ. ಅವನು ಕಂಡ ಎಂಟು ವರ್ಷದ ಬಾಲಕನಿಗೆ ನಾಲ್ಕು ವರ್ಷಗಳಲ್ಲಿ 19 ಬಾರಿ ರಕ್ತಕ್ಕೆ ನಂಜೇರಿತ್ತು. ಇತರರ ರಕ್ತದಿಂದ ತೆಗೆದ ಆ ದ್ರವ್ಯವನ್ನು ತಿಂಗಳಿಗೊಮ್ಮೆ ಚುಚ್ಚಿದ ಮೇಲೆ ಅದು ನಿಂತಿತು. ಈ ಬಗೆಯ ಕೊರತೆಯು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿಯುವಂಥದು. ಸೋದರಮಾವನ ಸಂಗತಿಯನ್ನು ಕೇಳಬೇಕಾಗಿದ್ದುದು ಅದರಿಂದಲೇ. ಇನ್ನು ಕೆಲವು ಬಗೆಗಳು ತಂದೆತಾಯಿಗಳಿಬ್ಬರಿಂದಲೂ ಬಂದು ಕೂಡಿದಾಗ ತೋರುತ್ತವೆ. ಅಕ್ಕನ ಮಗಳನ್ನು ತರುವ ನಮ್ಮ ಸೀಮೆಯ ವಾಡಿಕೆಯು ಇದಕ್ಕೆ ಎಡೆಮಾಡಿಕೊಡುತ್ತದೆ. ಹಿರಿಯರು ಮುನಿಯಬಾರದು, ನಮ್ಮ ಮನೆತನದಲ್ಲಿಯೂ ಇಂಥ ಮದುವೆಗಳು ನಡೆದಿವೆ. ಮತ್ತೊಂದು ಬಗೆಯು ಇಪ್ಪತ್ತು ನಲ್ವತ್ತರ ನಡುವಣ ಪ್ರಾಯದಲ್ಲಿ ಗೊತ್ತಾಗುವುದೇ ಹೆಚ್ಚು. ಆದಕಾರಣ ಇದು ಮಕ್ಕಳ ಕಾಯಿಲೆ ಮಾತ್ರವೆಂದು ಎಣಿಸಕೂಡದು.

ಚುಚ್ಚುಮದ್ದು ಸಿಕ್ಕಿತಲ್ಲಾ, ಇನ್ನೇನು ಎಂದು ವಾಚಕರು ಕೇಳಬಹುದು. ಕಷ್ಟವಿರುವುದು ಇಲ್ಲಿಯೇ. ತಡವಾಗಿ ತಿಳಿದರೆ ಅಷ್ಟರೊಳಗೆ ಶ್ವಾಸನಾಳಗಳು ಹಿಗ್ಗಿ ಸಡಿಲಗೊಂಡಿರುತ್ತವೆ; ಅವು ಮತ್ತೆ ಮೊದಲಿನಂತೆ ಆಗವು. ಅಲ್ಲಿ ಕಫವು ಮಡುಗಟ್ಟಿ ರೋಗಾಣುಗಳಿಗೆ ಮನೆಯಾಗುತ್ತದೆ. ನಮ್ಮ ಹುಡುಗನ ಎಕ್ಸ್‌ರೇಯಲ್ಲಿ ಕ್ಷಯದ ನೆರಳೆಂದು ಕಂಡದ್ದು ಇದೇ. ಬೆಳೆದವರಲ್ಲಿ ತೋರುವ ಬಗೆಯಲ್ಲಿ ಇನ್ನೊಂದು ಉಪದ್ರವವುಂಟು. ಕಾವಲಿರಬೇಕಾದ ದುಗ್ಧಕಣಗಳೇ ಶ್ವಾಸಕೋಶದಲ್ಲಿ ಗುಂಪುಗೂಡಿ ಉಸಿರಿಗೆ ಅಡ್ಡಿಯಾಗುತ್ತವೆ. ಇದು ಸಿ.ಟಿ. ಚಿತ್ರದಲ್ಲಿ ಕಾಣುವುದು, ಇದಕ್ಕೆ ಬರಿಯ ರೋಗಾಣುನಾಶಕ ಔಷಧಗಳು ಸಾಲವು.

ಆ ಕಣಗಳೇ ಕೆಲವರಲ್ಲಿ ಅಂಕೆ ತಪ್ಪಿ ಬೆಳೆದು ದುಗ್ಧಗ್ರಂಥಿಗಳ ಅರ್ಬುದವಾಗುವುದುಂಟು. ವೈದ್ಯರು ಇದನ್ನು ಲಿಂಫೋಮಾ ಎನ್ನುತ್ತಾರೆ. ನ್ಯೂಯಾರ್ಕಿನಲ್ಲಿ ನಾಲ್ಕು ದಶಕಗಳಲ್ಲಿ ನೋಡಿದ ಇಂಥ 473 ರೋಗಿಗಳ ಲೆಕ್ಕವು 2012ರಲ್ಲಿ ಪ್ರಕಟವಾಯಿತು. ನೂರಕ್ಕೆ ಸುಮಾರು ಎಂಟು ಮಂದಿಗೆ ಲಿಂಫೋಮಾ ಬಂದಿತ್ತು. ಆಯುಸ್ಸನ್ನು ಕಡಿಮೆ ಮಾಡಿದ ಕಾರಣಗಳಲ್ಲಿ ಇದೂ ಶ್ವಾಸಕೋಶದ ಬೇನೆಯೂ ಸೇರಿದ್ದವು. ಈ ಕೊರತೆಯವರಲ್ಲಿ ಗಂಟುಗಳು ನಿರಪಾಯವಾಗಿ ಊದುವುದೂ ಉಂಟು, ಕ್ಷಯದಿಂದ ಊದುವುದೂ ಉಂಟು. ಕೈಯಿಂದ ಮುಟ್ಟಿ ಇದು ಇಂಥದೆಂದು ಯಾರೂ ಹೇಳಲಾರರು. ಕೊರಳಿನ ಗಂಟನ್ನು ಕಂಡೊಡನೆ ಗಂಡಮಾಲೆಯೆಂದು ಲೇಪ ಹಚ್ಚಿ ಕಾಯುವುದು ಸಲ್ಲದು. ಅದರ ಚೂರನ್ನು ತೆಗೆಯಿಸಿ ಪರೀಕ್ಷಿಸಲೇಬೇಕು.

ಔಷಧವು ದುಬಾರಿ. ಭಾರತ ಸರ್ಕಾರದ 2021ರ ವಿರಳ ರೋಗಗಳ ನೀತಿಯಲ್ಲಿ ಇಂಥ ಕೆಲವು ಕೊರತೆಗಳು ಸೇರಿವೆ. ನಮ್ಮ ರಾಜ್ಯದಲ್ಲಿ ಅದಕ್ಕೆ ಗೊತ್ತುಮಾಡಿದ ಸ್ಥಳವು ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ.

ಆ ಹುಡುಗನಿಗೆ ಈಗ ಮೀಸೆ ಬಂದಿದೆ. ನಾಲ್ಕು ವಾರಕ್ಕೊಮ್ಮೆ ತುಮಕೂರಿನಿಂದ ಬೆಳಗಿನ ರೈಲು ಹತ್ತಿ ಹೋಗಿ, ಔಷಧವನ್ನು ನರಕ್ಕೆ ಏರಿಸಿಕೊಂಡು, ಇರುಳಿಗೆ ಮರಳುತ್ತಾನೆ. ಕಳೆದ ವರ್ಷ ಅವನ ಕಂಕುಳಲ್ಲಿ ಒಂದು ಗಂಟು ತೋರಿತು. ಅವನ ತಾಯಿ ಆ ಸಂಜೆಯೇ ನಮ್ಮ ಜಗಲಿಗೆ ಬಂದು, “ಮೇಷ್ಟ್ರೇ, ಈ ಸಲ ತಡ ಮಾಡೋದಿಲ್ಲ” ಎಂದರು. ಪರೀಕ್ಷೆಯಲ್ಲಿ ಅದು ನಿರಪಾಯವೆಂದು ತಿಳಿಯಿತು. ಆ ವರದಿಯನ್ನು ಅವರು ದೇವರ ಗೂಡಿನಲ್ಲಿ ಇಟ್ಟಿದ್ದಾರೆ.