ಝಡ್ ಡ್ರೈವ್‌ನಲ್ಲಿ ಸಿಕ್ಕಿಬಿದ್ದ ದನಿ



ಮಾಟುಂಗಾದ ಅಜ್ಜಿಯೊಬ್ಬರು ತಮ್ಮ ಹಳೆಯ ನೆನಪುಗಳನ್ನು ನಮಗಾಗಿ ರೆಕಾರ್ಡ್ ಮಾಡಿಸಿದ್ದರು. ಭಾನುವಾರ ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ರೇಡಿಯೋ ಮುಂದೆ ಕೂತಿದ್ದರಂತೆ. ಕೇಳಿಸಿದ್ದು ಅವರ ದನಿಯಲ್ಲ, ನನ್ನ 'ಕ್ಷಮಿಸಿ'!

ತಪ್ಪು ನನ್ನದೇ. ಫೈಲ್ ಇದ್ದದ್ದು ಎಡಿಟಿಂಗ್ ಕೋಣೆಯ ಕಂಪ್ಯೂಟರ್‌ನಲ್ಲಿ, ಎಲ್ಲರಿಗೂ ಶೇರ್ ಮಾಡಿದ ಫೋಲ್ಡರ್‌ನಲ್ಲಿ. ನನ್ನ ಮೇಜಿನ ಕಂಪ್ಯೂಟರ್ ಅದನ್ನು ಝಡ್ ಡ್ರೈವ್ ಎಂದು ತೋರಿಸುತ್ತದೆ. ಆ ಝಡ್ ವಿಳಾಸವನ್ನೇ ಕಾರ್ಯಕ್ರಮದ ಪಟ್ಟಿಗೆ ಲಿಂಕ್ ಮಾಡಿಟ್ಟೆ. ಸ್ಟುಡಿಯೋ ಕಂಪ್ಯೂಟರ್‌ನಲ್ಲಿ ಝಡ್ ಎಂಬುದೇ ಇರಲಿಲ್ಲ.

ಡ್ರೈವ್ ಅಕ್ಷರ ಮನೆಯಲ್ಲಿ ಕರೆಯುವ ಮುದ್ದಿನ ಹೆಸರಿನಂತೆ. 'ಪುಟ್ಟಿ' ಅಂದರೆ ಮನೆಯವರಿಗೆ ಗೊತ್ತು, ಪೋಸ್ಟ್‌ಮ್ಯಾನ್‌ಗೆ ಗೊತ್ತಾಗುತ್ತದೆಯೇ? ವಿಂಡೋಸ್‌ನಲ್ಲಿ ಪೂರ್ತಿ ವಿಳಾಸ ಬೇಕೆಂದರೆ ಮೊದಲು ಎರಡು ಬ್ಯಾಕ್‌ಸ್ಲ್ಯಾಶ್, ಕಂಪ್ಯೂಟರ್‌ನ ಹೆಸರು, ಮತ್ತೊಂದು ಬ್ಯಾಕ್‌ಸ್ಲ್ಯಾಶ್, ಆಮೇಲೆ ಶೇರ್ ಮಾಡಿದ ಫೋಲ್ಡರ್‌ನ ಹೆಸರು: \\ಎಡಿಟಿಂಗ್2\ಕನ್ನಡ ಎಂಬಂತೆ. ಅದೇ ನೆಟ್‌ವರ್ಕ್‌ನಲ್ಲಿರುವ, ಅನುಮತಿ ಇರುವ ಯಾರು ಬೇಕಾದರೂ ಇದನ್ನು ತೆರೆಯಬಹುದು. ಆ ಅನುಮತಿಯನ್ನು ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್, ಸೆಕ್ಯುರಿಟಿ ಎರಡೂ ಕಡೆ ಕೊಟ್ಟಿರಬೇಕು. ಒಂದು ಕಡೆ ಇಲ್ಲದಿದ್ದರೂ ಬಾಗಿಲು ತೆರೆಯದು. (ನಾನು ಇದಕ್ಕೇ ಒಂದು ಮಧ್ಯಾಹ್ನ ಕಳೆದೆ.)

ಇಷ್ಟಾದರೂ ಲಿಂಕ್ ಎಂದರೆ ಬರೀ ವಿಳಾಸ, ಫೈಲ್ ಅಲ್ಲ. ಆ ಕಂಪ್ಯೂಟರನ್ನು ಯಾರೋ ಆಫ್ ಮಾಡಿದ್ದರೆ, ಫೋಲ್ಡರ್ ಹೆಸರು ಬದಲಿಸಿದ್ದರೆ ಮುಗಿಯಿತು. ಹಾಗಾಗಿ ಪ್ರಸಾರಕ್ಕೆ ಬೇಕಾದ ಫೈಲನ್ನು ಈಗ ಸ್ಟುಡಿಯೋ ಕಂಪ್ಯೂಟರ್‌ಗೇ ಕಾಪಿ ಮಾಡಿಕೊಳ್ಳುತ್ತೇನೆ.

ಅಜ್ಜಿಯ ದನಿ ಮುಂದಿನ ಭಾನುವಾರ ಬಂತು. ಬೆಳಿಗ್ಗೆಯೇ ಫೋನ್ ಮಾಡಿ, "ಈ ಸಲವಾದರೂ ಬರ್ತದಾ ಮಗಾ?" ಅಂದಿದ್ದರು.